ಆರು ಮಂದಿಯ ನಾಟಕಕ್ಕೆ ಹೊರಟವರಿಗೆ

ಪ್ರೇಕ್ಷಕರನ್ನು ಸಾಲುಕುರ್ಚಿಗಳಲ್ಲಿ ಕೂರಿಸದೆ, ಆರೋ ಹದಿನೈದೋ ಜನರ ಗುಂಪು ಮಾಡಿ, ಕೋಣೆಯಿಂದ ಕೋಣೆಗೆ ನಡೆಸಿಕೊಂಡು ಹೋಗಿ ಆಡುವ ನಾಟಕಗಳ ಬಗ್ಗೆ ಈ ಸಲ ಪತ್ರಗಳು ಬಂದಿವೆ. ಮಕ್ಕಳಿರುವ ದೇಶಕ್ಕೆ ಹೋದಾಗ ನೋಡಲಿರುವವರು ಹಲವರು, ಊರಲ್ಲೇ ಇಂಥದ್ದೊಂದನ್ನು ಕಟ್ಟಬೇಕೆಂದಿರುವವರು ಕೆಲವರು. ನಮ್ಮ ರಂಗ ವಿಭಾಗದವರು ಉತ್ತರಿಸಿದ್ದಾರೆ.

ಇಮ್ಮರ್ಸಿವ್ ಥಿಯೇಟರ್ ಅನ್ನುತ್ತಾರಲ್ಲ, ನಮ್ಮ ಆಪ್ತ ರಂಗಭೂಮಿಗೂ ಅದಕ್ಕೂ ಏನು ವ್ಯತ್ಯಾಸ? ಬಯಲಾಟವನ್ನು ನಾವು ಸುತ್ತ ಕೂತು ನೋಡಿದವರೇ ಅಲ್ಲವೇ? (ಶಿವಮೊಗ್ಗದಿಂದ)

ಬಯಲಾಟದಲ್ಲಿ ನೀವು ಎಲ್ಲಿ ಬೇಕಾದರೂ ಕೂರಬಹುದು, ನಡುವೆ ಎದ್ದು ಚಹಾ ಕುಡಿದು ಬರಬಹುದು. ಆಟ ನಿಮಗಾಗಿ ಕಾಯುವುದಿಲ್ಲ, ನೀವು ಇಲ್ಲದಿದ್ದರೂ ನಡೆಯುತ್ತದೆ. ಆಪ್ತ ರಂಗಭೂಮಿಯಲ್ಲಿ ನಟರಿಗೂ ನಿಮಗೂ ಇರುವ ದೂರ ನಾಲ್ಕೈದು ಅಡಿಗೆ ಇಳಿಯುತ್ತದೆ, ಆದರೆ ನೀವು ಕೂತಲ್ಲೇ ಇರುತ್ತೀರಿ. ಇಮ್ಮರ್ಸಿವ್ ನಾಟಕದಲ್ಲಿ ನೀವು ನಿಂತ ಜಾಗವೇ ಕಥೆ ನಡೆಯುವ ಜಾಗ. ಅಲ್ಲಿ ಪ್ರೇಕ್ಷಕರಿಗೆಂದು ಬೇರೆ ಭಾಗವೇ ಇಲ್ಲ.

ಇದರಲ್ಲಿ ಎರಡು ಬಗೆ. ಒಂದು, ಮನಸ್ಸು ಬಂದಲ್ಲಿ ತಿರುಗುವುದು. ಬ್ರಿಟನ್ನಿನ ಪಂಚ್‌ಡ್ರಂಕ್ ತಂಡದ 'ಸ್ಲೀಪ್ ನೋ ಮೋರ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಮ್ಯಾಕ್‌ಬೆತ್ ಕಥೆಯನ್ನು ಆಧರಿಸಿದ ಅದು ನ್ಯೂಯಾರ್ಕಿನಲ್ಲಿ 2011ರಿಂದ 2025ರ ಜನವರಿವರೆಗೆ ನಡೆಯಿತು. ಬಿಳಿ ಮುಖವಾಡ ತೊಟ್ಟ ಪ್ರೇಕ್ಷಕರು ಹಲವು ಅಂತಸ್ತುಗಳಲ್ಲಿ ಮಾತಿಲ್ಲದೆ ಅಲೆಯುತ್ತಿದ್ದರು. ಎರಡನೆಯದು, ಕರೆದೊಯ್ದಲ್ಲಿಗೆ ಹೋಗುವುದು. ಬ್ರೂಕ್ಲಿನ್ನಿನಲ್ಲಿ ಥರ್ಡ್ ರೈಲ್ ಪ್ರಾಜೆಕ್ಟ್ಸ್ ತಂಡ 2012ರಿಂದ 2020ರವರೆಗೆ ಆಡಿದ 'ದೆನ್ ಶಿ ಫೆಲ್' ಒಂದು ಪ್ರದರ್ಶನಕ್ಕೆ 15 ಜನರನ್ನಷ್ಟೇ ಒಳಬಿಡುತ್ತಿತ್ತು. ಆಸ್ಪತ್ರೆಯ ವಾರ್ಡಿನಂಥ ಜಾಗ, ಸುಮಾರು 2 ಗಂಟೆ ಹೊತ್ತು. ಆ ಹದಿನೈದು ಮಂದಿ ಒಂದೊಂದು ಕೋಣೆಯಲ್ಲಿ ಇಬ್ಬರು, ಮೂವರು, ಕೆಲವೊಮ್ಮೆ ಒಬ್ಬರೇ ಆಗಿ ಹಂಚಿಹೋಗುತ್ತಿದ್ದರು. ಸಣ್ಣ ಗುಂಪಿನ ನಾಟಕಗಳು ಬಹುಪಾಲು ಈ ಎರಡನೆಯ ಬಗೆಯವು. ಅಲ್ಲಿ ನೀವು ಲೆಕ್ಕಕ್ಕೆ ಸೇರಿದವರು: ಯಾವ ನಿಮಿಷಕ್ಕೆ ಯಾವ ಕುರ್ಚಿಯಲ್ಲಿ ನೀವು ಇರಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಬಹಳಷ್ಟು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ನಮ್ಮಲ್ಲಿ ಇದಕ್ಕೆ ನೆಲೆ ಇಲ್ಲವೆಂದಲ್ಲ. 1970ರ ದಶಕದಲ್ಲಿ ಕೋಲ್ಕತ್ತದ ನಾಟಕಕಾರ ಬಾದಲ್ ಸರ್ಕಾರ್ ರಂಗಮಂಚ ಬಿಟ್ಟು ಕೋಣೆಗೆ ಬಂದರು. ಅವರ 'ಮಿಛಿಲ್'ನಲ್ಲಿ ಮೆರವಣಿಗೆ ಸಾಗುವುದು ಪ್ರೇಕ್ಷಕರ ನಡುವೆಯೇ. ಮೈಸೂರು ರಂಗಾಯಣ 2010ರಲ್ಲಿ ಆಡಿದ 'ಮಲೆಗಳಲ್ಲಿ ಮದುಮಗಳು' ರಾತ್ರಿಯಿಡೀ ಸುಮಾರು 9 ಗಂಟೆ ನಡೆಯಿತು, ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದರು. ಆದರೆ ಅದು ನೂರಾರು ಜನರ ನಾಟಕ. ಇನ್ನೂ ಹತ್ತಿರದ್ದು ಬೇಕೆಂದರೆ ಮಳೆಗಾಲದಲ್ಲಿ ಕರಾವಳಿಯ ಮನೆಮನೆಗೆ ಬರುವ ಯಕ್ಷಗಾನದ ಚಿಕ್ಕಮೇಳ: ಇಬ್ಬರು ವೇಷಧಾರಿಗಳು, ಭಾಗವತರು, ಚೆಂಡೆ ಮದ್ದಳೆ, ಎದುರಿಗೆ ಮನೆಯವರು ನಾಲ್ಕೈದು ಜನ. ಕಿರೀಟದ ಬಣ್ಣದ ಚೂರು ನಮ್ಮ ಚಾವಡಿಯಲ್ಲಿ ಉದುರುವಷ್ಟು ಹತ್ತಿರ.

ಮಗಳು ಲಂಡನ್ನಿನಲ್ಲಿದ್ದಾಳೆ. ಆರು ಜನ ಬರಿಗಾಲಲ್ಲಿ, ಹೆಡ್‌ಫೋನ್ ಹಾಕಿಕೊಂಡು ನಡೆಯುವ ನಾಟಕವೊಂದಿತ್ತಂತೆ, ಅಂಥದ್ದು ಮತ್ತೆ ಬಂದರೆ ಕರೆದೊಯ್ಯುತ್ತೇನೆ ಎನ್ನುತ್ತಾಳೆ. ನನಗೆ 64 ವರ್ಷ, ಸಕ್ಕರೆ ಕಾಯಿಲೆ, ಮಂಡಿನೋವು. ಇಂಗ್ಲಿಷ್ ಅಷ್ಟಕ್ಕಷ್ಟೆ. ಹೋಗಬಹುದೇ? (ಮೈಸೂರಿನಿಂದ)

ಹೋಗಬಹುದು. ಮಗಳು ಹೇಳಿದ್ದು ಬಹುಶಃ ಪಂಚ್‌ಡ್ರಂಕ್ ತಂಡದ 'ವಯೋಲಾಸ್ ರೂಮ್' ಇರಬೇಕು. 2024ರಲ್ಲಿ ಲಂಡನ್ನಿನ ವುಲಿಚ್‌ನಲ್ಲಿ, 2025ರಲ್ಲಿ ನ್ಯೂಯಾರ್ಕಿನ ಕಲಾಕೇಂದ್ರ ದಿ ಶೆಡ್‌ನಲ್ಲಿ ನಡೆಯಿತು. ಗುಂಪಿಗೆ ಹೆಚ್ಚೆಂದರೆ ಆರು ಜನ. ಎದುರಿಗೆ ನಟರೇ ಇಲ್ಲ. ನಟಿ ಹೆಲೆನಾ ಬೋನಮ್ ಕಾರ್ಟರ್ ಅವರ ಧ್ವನಿ ಕಿವಿಯಲ್ಲಿ ಕಥೆ ಹೇಳುತ್ತಿರುತ್ತದೆ, ನೀವು ಬೆಳಕು ಹೊತ್ತಿದ ಕಡೆಗೆ ನಡೆಯುತ್ತೀರಿ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಇದೇ ಮಾದರಿಯ ಯಾವ ನಾಟಕಕ್ಕೆ ಹೋದರೂ ಕೆಳಗಿನದನ್ನು ನೋಡಿಕೊಳ್ಳಿ.

ಮೊದಲು ಕಾಲು. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದದ ಸ್ಪರ್ಶ ಮಂದವಾಗಿದ್ದರೆ ಬರಿಗಾಲು ಬೇಡ. ಚುಚ್ಚಿದ್ದು ಗೊತ್ತಾಗುವುದಿಲ್ಲ, ಗಾಯ ಮಾಯುವುದೂ ನಿಧಾನ. ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುವ, ಜಾರದ ಕಾಲುಚೀಲ ಹಾಕಿಕೊಳ್ಳಬಹುದೇ ಎಂದು ಮಗಳಿಂದ ಮುಂಚೆಯೇ ಮೇಲ್ ಬರೆಸಿ. ಆರೋಗ್ಯದ ಕಾರಣ ಕೊಟ್ಟು ಮೊದಲೇ ಕೇಳಿದರೆ ಸಾಮಾನ್ಯವಾಗಿ ಒಂದು ದಾರಿ ಮಾಡಿಕೊಡುತ್ತಾರೆ. ಬಾಗಿಲಲ್ಲಿ ನಿಂತು ಕೇಳಿದರೆ ಅಲ್ಲಿರುವ ಹುಡುಗನಿಗೆ ತೀರ್ಮಾನಿಸುವ ಅಧಿಕಾರ ಇರುವುದಿಲ್ಲ. ಅದೇ ಮೇಲ್‌ನಲ್ಲಿ ಇನ್ನೂ ನಾಲ್ಕು ಪ್ರಶ್ನೆ ಇರಲಿ: ಒಟ್ಟು ಎಷ್ಟು ನಿಮಿಷ ನಿಲ್ಲಬೇಕು, ಮೆಟ್ಟಿಲು ಎಷ್ಟು, ಬಗ್ಗಿ ಅಥವಾ ತೆವಳಿ ದಾಟುವ ಜಾಗ ಇದೆಯೇ, ನಡುವೆ ಕೂರಲು ಎಲ್ಲಿ ಸಿಗುತ್ತದೆ. ಮಂಡಿಗೆ ಮೆಟ್ಟಿಲಿಗಿಂತ ಬಗ್ಗುವುದೇ ಹೆಚ್ಚು ತ್ರಾಸ, ಅದನ್ನು ಟಿಕೆಟಿನ ಪುಟದಲ್ಲಿ ಬರೆದಿರುವುದು ಕಡಿಮೆ.

ಊಟ, ಮಾತ್ರೆ, ಇನ್ಸುಲಿನ್ನಿನ ಹೊತ್ತನ್ನು ಲೆಕ್ಕ ಹಾಕುವಾಗ ನಾಟಕದ 50 ನಿಮಿಷಕ್ಕೆ ಮುಂಚಿನ 20 ನಿಮಿಷದ ಕಾಯುವಿಕೆಯನ್ನೂ ಸೇರಿಸಿ. ಕೈಚೀಲವನ್ನು ಹೊರಗೆ ಇಡಿಸಿಕೊಳ್ಳುತ್ತಾರೆ, ಹಾಗಾಗಿ ಗ್ಲೂಕೋಸ್ ಬಿಲ್ಲೆಗಳು ಜೇಬಿನಲ್ಲಿರಲಿ. ಸೀರೆಗೆ ಜೇಬಿಲ್ಲ, ಅವತ್ತು ಜೇಬಿರುವ ಕುರ್ತಾವೋ ಸ್ವೆಟರೋ ಇರಲಿ. ಜೇಬಿನಲ್ಲಿ ಏನಿದೆಯೆಂದು ಬಾಗಿಲಲ್ಲಿರುವವರಿಗೆ ಹೇಳಿಬಿಡಿ.

ಆರು ಜನರಲ್ಲಿ ನೀವು ಎರಡನೆಯವರೋ ಮೂರನೆಯವರೋ ಆಗಿ ನಡೆಯಿರಿ. ಮುಂದಿರುವವರು ದಾರಿ ಹುಡುಕಬೇಕು. ಕೊನೆಯವರಿಗೆ ಬೆಳಕು ಕಡಿಮೆ: ಬೆಳಕು ಮುಂದೆ ಸರಿಯುತ್ತಿದ್ದಂತೆ ಹಿಂದಿನ ಕೋಣೆ ಕತ್ತಲಾಗುತ್ತದೆ, ಓಡಿ ಸೇರಿಕೊಳ್ಳಬೇಕಾಗುತ್ತದೆ. ಮುಗ್ಗರಿಸುವುದು ಹೆಚ್ಚಾಗಿ ಕೊನೆಯವರೇ. ಮಗಳು ನಿಮ್ಮ ಹಿಂದೆ ಬರಲಿ.

ಇಂಗ್ಲಿಷ್ ವಿಷಯ. ಇದು ಪೂರ್ತಿ ಮಾತಿನ ಮೇಲೆ ನಿಂತ ನಾಟಕ. ಬ್ರಿಟಿಷ್ ಲೇಖಕ ಬ್ಯಾರಿ ಪೇನ್ ಬರೆದ, ಬೆಳದಿಂಗಳಲ್ಲಿ ಕುಣಿಯುವ ಮೋಹಕ್ಕೆ ಬಿದ್ದ ರಾಜಕುಮಾರಿಯ ಹಳೆಯ ಕಥೆಯೊಂದು ಅದಕ್ಕೆ ಆಧಾರ. ಹೊರಡುವ ಮುಂಚೆ ಮಗಳು ಆ ಕಥೆಯನ್ನು ಕನ್ನಡದಲ್ಲಿ ಹೇಳಿಬಿಟ್ಟರೆ ಸಾಕು. ಕಥೆ ಮೊದಲೇ ಗೊತ್ತಿದ್ದರೆ ರಸ ಕೆಡುತ್ತದೆ ಎಂಬ ಹೆದರಿಕೆ ನಮ್ಮವರಿಗೆ ಇರಬಾರದು. ಗೊತ್ತಿರುವ ಪ್ರಸಂಗವನ್ನೇ ಬೆಳಗಿನವರೆಗೆ ಕೂತು ನೋಡಿದವರು ನಾವು. ಮಾತು ಕಡಿಮೆಯಿರುವುದೇ ಬೇಕೆಂದರೆ ನೃತ್ಯಪ್ರಧಾನವಾದದ್ದನ್ನು ಆರಿಸಿಕೊಳ್ಳಿ.

ಏನು ಹಾಕಿಕೊಂಡು ಹೋಗಬೇಕು? (ಹುಬ್ಬಳ್ಳಿಯಿಂದ)

ಸಪಾಟು ಅಡಿಯ, ಸದ್ದು ಮಾಡದ ರಬ್ಬರ್ ಸೋಲಿನ ಬೂಟು. ಗೆಜ್ಜೆ, ಗಾಜಿನ ಬಳೆ ಬೇಡ, 10 ಅಡಿ ಕೋಣೆಯಲ್ಲಿ ಬಳೆಯ ಸದ್ದು ನಟರ ಪಿಸುಮಾತನ್ನು ನುಂಗುತ್ತದೆ. ಹೆಡ್‌ಫೋನ್ ಇದ್ದರೆ ಜುಮುಕಿ ಬಿಚ್ಚಿಡಿ, ಅರ್ಧ ಗಂಟೆಯಲ್ಲಿ ಕಿವಿ ನೋಯುತ್ತದೆ. ಸೀರೆ ಉಡುವುದಾದರೆ ಸೆರಗಿಗೆ ಪಿನ್ನು ಹಾಕಿ, ನೆರಿಗೆ ನೆಲ ಮುಟ್ಟದಂತೆ ಒಂದು ಬೆರಳು ಮೇಲಕ್ಕೆ ಉಡಿ. ಕನ್ನಡಕದವರಿಗೆ ಮುಖವಾಡ ಕಷ್ಟ, ಆವಿ ಹಿಡಿದು ಏನೂ ಕಾಣದಂತಾಗುತ್ತದೆ. ಲೆನ್ಸ್ ಇದ್ದರೆ ಅಂದು ಅದೇ ಇರಲಿ. ಸೆಂಟು, ಮಲ್ಲಿಗೆ ಎರಡೂ ಬೇಡ. ಇಂಥ ನಾಟಕಗಳಲ್ಲಿ ವಾಸನೆಯನ್ನೂ ಕೋಣೆಕೋಣೆಗೆ ಬೇರೆ ಬೇರೆಯಾಗಿ ಯೋಜಿಸಿರುತ್ತಾರೆ, ನಿಮ್ಮ ದಂಡೆ ಆರು ಜನರಿಗೂ ಒಂದೇ ವಾಸನೆ ಹಂಚುತ್ತದೆ.

ನಾವು ಆರು ಜನ ಗೆಳೆಯರು. ಆರೂ ಟಿಕೆಟ್ ನಾವೇ ತೆಗೆದುಕೊಂಡರೆ ಒಳ್ಳೆಯದಲ್ಲವೇ? ಒಳಗೆ ನಮ್ಮನ್ನು ಬೇರೆ ಮಾಡುತ್ತಾರಂತೆ, ನಿಜವೇ? (ನ್ಯೂಜೆರ್ಸಿಯ ಕನ್ನಡಿಗರು)

ಆರಕ್ಕೆ ಆರೂ ನಿಮ್ಮವರೇ ಆಗುವುದು ಒಳ್ಳೆಯದಲ್ಲವೆಂಬುದು ನಮ್ಮ ಅಭಿಪ್ರಾಯ. ಪರಿಚಿತರ ಗುಂಪಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ, ಕಣ್ಣಲ್ಲೇ ನಗುತ್ತಾರೆ, ನಟರು ಹೊರಗಿನವರಾಗಿಬಿಡುತ್ತಾರೆ. ಅಪರಿಚಿತರು ಇಬ್ಬರಾದರೂ ಇದ್ದರೆ ಎಲ್ಲರೂ ನಟರತ್ತ ತಿರುಗುತ್ತಾರೆ. ಇಬ್ಬರಿಬ್ಬರಾಗಿ ಬೇರೆ ಬೇರೆ ಹೊತ್ತಿಗೆ ಹೋಗಿ, ಆಮೇಲೆ ಒಟ್ಟಿಗೆ ಊಟಕ್ಕೆ ಕೂತರೆ ಮಾತಾಡಲು ಮೂರು ನಾಟಕಗಳು ಸಿಗುತ್ತವೆ.

ಬೇರೆ ಮಾಡುವುದು ನಿಜ. 'ಸ್ಲೀಪ್ ನೋ ಮೋರ್'ನಲ್ಲಿ ಲಿಫ್ಟಿನಿಂದ ಒಬ್ಬರನ್ನಷ್ಟೇ ಇಳಿಸಿ ಬಾಗಿಲು ಮುಚ್ಚಿಬಿಡುತ್ತಿದ್ದರು. ಒಬ್ಬರೇ ಇದ್ದಾಗ ಕಣ್ಣು ಕಿವಿ ಬೇರೆ ರೀತಿ ಎಚ್ಚರವಾಗುತ್ತವೆ ಎಂಬ ನಂಬಿಕೆಯಿಂದ. ಬೇರಾದಾಗ ಹುಡುಕಿಕೊಂಡು ಹೋಗಬೇಡಿ, ಹೊರಗೆ ಎಲ್ಲಿ ಸೇರುವುದೆಂದು ಮೊದಲೇ ಮಾತಾಡಿಕೊಂಡಿರಿ. ಫೋನು ಕೈಯಲ್ಲಿರುವುದಿಲ್ಲ ಎಂಬುದನ್ನು ನೆನಪಿಟ್ಟು ಜಾಗ ಗೊತ್ತುಮಾಡಿ. ಗುಂಪಿನಲ್ಲಿ ಯಾರಿಗಾದರೂ ಒಂಟಿಯಾಗುವುದು ನಿಜಕ್ಕೂ ಆಗದಿದ್ದರೆ ಒಳಹೋಗುವ ಮುನ್ನ ಸಿಬ್ಬಂದಿಗೆ ತಿಳಿಸಿ.

ಮನಸ್ಸು ಬಂದಲ್ಲಿ ತಿರುಗುವ ಬಗೆಗೆ ಹೋದರೆ ಒಂದು ಉಪಾಯ. ಇಂಥವು ಸಾಮಾನ್ಯವಾಗಿ ಸುತ್ತು ಸುತ್ತಾಗಿ ನಡೆಯುತ್ತವೆ. 'ಸ್ಲೀಪ್ ನೋ ಮೋರ್'ನಲ್ಲಿ ಒಂದು ಸುತ್ತಿಗೆ ಸುಮಾರು ಒಂದು ಗಂಟೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೊದಲ ಸುತ್ತಿನಲ್ಲಿ ಒಬ್ಬ ಪಾತ್ರಧಾರಿಯನ್ನು ಹಿಡಿದುಕೊಂಡು ಅವರ ಹಿಂದೆಯೇ ಹೋಗಿ, ಮೆಟ್ಟಿಲು ಓಡಿದರೂ ಬಿಡಬೇಡಿ. ಎರಡನೆಯ ಸುತ್ತಿನಲ್ಲಿ ಖಾಲಿ ಕೋಣೆಗಳನ್ನು ನೋಡಿ, ಕಾಗದ ಪತ್ರ ಓದಿ. ಎಲ್ಲವನ್ನೂ ನೋಡುತ್ತೇನೆಂದು ಗುಂಪು ಕಂಡಲ್ಲೆಲ್ಲ ನುಗ್ಗಿದವರಿಗೆ ಬೇರೆಯವರ ಬೆನ್ನು ಮಾತ್ರ ಕಾಣುತ್ತದೆ.

ನಟರು ಕೈಹಿಡಿದು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಾರೆ, ಮೈಮುಟ್ಟುತ್ತಾರೆ, ಸ್ವಂತದ ಪ್ರಶ್ನೆ ಕೇಳುತ್ತಾರೆ ಎಂದು ಕೇಳಿದ್ದೇನೆ. ನನಗೆ ಇಷ್ಟವಿಲ್ಲದಿದ್ದರೆ? ನಾಟಕ ಕೆಡಿಸಿದಂತಾಗುವುದಿಲ್ಲವೇ? (ಬೆಂಗಳೂರಿನಿಂದ, ಹೆಸರು ಬೇಡ ಎಂದಿದ್ದಾರೆ)

ಖಂಡಿತ ಕೆಡುವುದಿಲ್ಲ. ನೀವು ಬೇಡವೆಂದಾಗ ಏನು ಮಾಡಬೇಕೆಂಬುದನ್ನು ಒಳ್ಳೆಯ ತಂಡ ತಾಲೀಮಿನಲ್ಲೇ ಕಲಿತಿರುತ್ತದೆ. ಸಾಮಾನ್ಯ ಕ್ರಮ ಹೀಗಿದೆ: ನಟರು ನಿಮ್ಮ ಕಣ್ಣು ನೋಡುತ್ತಾರೆ, ಅಂಗೈ ಮೇಲೆ ಮಾಡಿ ಕೈಚಾಚಿ ಒಂದೆರಡು ಕ್ಷಣ ನಿಲ್ಲುತ್ತಾರೆ. ಆ ನಿಲುಗಡೆಯೇ ಪ್ರಶ್ನೆ. ನೀವು ಕೈ ಕೊಟ್ಟರೆ ಒಪ್ಪಿಗೆ. ತಲೆಯಾಡಿಸಿದರೆ, ಅರ್ಧ ಹೆಜ್ಜೆ ಹಿಂದೆ ಸರಿದರೆ, ಕೈಗಳನ್ನು ಎದೆಗೆ ಕಟ್ಟಿಕೊಂಡರೆ ಅವರು ಪಕ್ಕದವರತ್ತ ತಿರುಗುತ್ತಾರೆ. ಕಾರಣ ಹೇಳಬೇಕಿಲ್ಲ, ಕ್ಷಮೆ ಕೇಳಬೇಕಿಲ್ಲ. ನಿಲುಗಡೆ ಕೊಡದೆ ನೇರ ಕೈ ಎಳೆದರೆ ಅದು ತಂಡದ ತಪ್ಪು. ಹೊರಗೆ ಬಂದ ಮೇಲೆ ಹೇಳಿ, ಬರೆದು ಕೊಡಿ.

ಒಬ್ಬರಿಗೇ ಆಡುವ ದೃಶ್ಯಕ್ಕೆ ಒಪ್ಪಿ ಹೋದ ಮೇಲೂ ನಡುವೆ ಬೇಡವೆನಿಸಬಹುದು. ಆಗ ಪಾತ್ರದ ಭಾಷೆಯಲ್ಲಿ ಉತ್ತರಿಸುವ ಗೊಡವೆ ಬೇಡ, 'ನಿಲ್ಲಿಸಿ, ನಾನು ಹೊರಗೆ ಹೋಗಬೇಕು' ಎಂದು ಸಹಜ ದನಿಯಲ್ಲಿ ಹೇಳಿ. ಪಿಸುಗುಟ್ಟಿದರೆ ಅಭಿನಯವೆಂದು ತಿಳಿಯುವ ಸಾಧ್ಯತೆ ಇದೆ. ಕೆಲವು ತಂಡಗಳು ಮೊದಲೇ ಒಂದು ಸನ್ನೆ ಹೇಳಿಕೊಡುತ್ತವೆ, ಅದನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಪ್ರವೇಶದ್ವಾರದ ಎರಡು ನಿಮಿಷದ ಸೂಚನೆಯ ಹೊತ್ತಿಗೆ ಜನ ಬೂಟು ಬಿಚ್ಚುತ್ತ, ಫೋನು ಆರಿಸುತ್ತ ಅರ್ಧ ಕಿವಿ ಕೊಟ್ಟಿರುತ್ತಾರೆ. ಆಮೇಲೆ ಆಗುವ ಗಾಬರಿಗಳಲ್ಲಿ ಬಹಳಷ್ಟು ಅಲ್ಲಿಂದ ಶುರುವಾಗುತ್ತವೆ.

ಸ್ವಂತದ ಪ್ರಶ್ನೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೆಲ್ಜಿಯಂನ ಒಂಟ್ರೂರೆಂಡ್ ಗೂಡ್ ತಂಡ 2009ರಲ್ಲಿ ಎಡಿನ್‌ಬರೋದಲ್ಲಿ ಆಡಿದ 'ಇಂಟರ್ನಲ್' ನಾಟಕಕ್ಕೆ ಐವರು ನಟರು, ಐವರು ಪ್ರೇಕ್ಷಕರು. ಒಬ್ಬೊಬ್ಬ ಪ್ರೇಕ್ಷಕರ ಜೊತೆ ಒಬ್ಬೊಬ್ಬ ನಟರು ಏಕಾಂತದಲ್ಲಿ ಆಪ್ತವಾಗಿ ಮಾತಾಡಿ, ಆಮೇಲೆ ಎಲ್ಲರೂ ಸುತ್ತ ಕೂತಾಗ ಆ ಗುಟ್ಟುಗಳನ್ನು ಎಲ್ಲರೆದುರು ಎತ್ತಿದರು. ಅದು ಸರಿಯೇ ತಪ್ಪೇ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಕಲೆಗೆ ಅಷ್ಟು ಧೈರ್ಯ ಇರಬೇಕೆನ್ನುವವರಿದ್ದಾರೆ. ನಂಬಿ ಹೇಳಿದ ಮಾತನ್ನು ಕೇಳದೆ ಹೊರಗೆಡಹುವುದು ತಪ್ಪೆಂದೇ ನಮ್ಮ ನಿಲುವು. ನಿಮ್ಮ ಕಡೆಯಿಂದ ಮಾಡಬಹುದಾದದ್ದು ಇಷ್ಟು: ಊರೆದುರು ಹೇಳಲಾಗದ್ದನ್ನು ಅಲ್ಲಿಯೂ ಹೇಳಬೇಡಿ. ಕಟ್ಟಿದ ಉತ್ತರ ಕೊಡಲು ನಿಮಗೆ ಪೂರ್ತಿ ಹಕ್ಕಿದೆ. ನಟರಿಗೆ ಬೇಕಾದದ್ದು ಆಟ ಮುಂದುವರಿಸಲು ಒಂದು ಎಳೆ ಮಾತ್ರ. ಅದು ನಿಜವೋ ಅಲ್ಲವೋ ಎಂದು ಅವರು ತೂಗುವುದಿಲ್ಲ.

ಕುಡಿಯಲು ತಿನ್ನಲು ಕೊಡುವುದುಂಟು. 'ದೆನ್ ಶಿ ಫೆಲ್'ನಲ್ಲಿ ಸಣ್ಣ ಲೋಟಗಳಲ್ಲಿ ಮದ್ಯ ಬೆರೆತ ಪಾನೀಯ ಬರುತ್ತಿತ್ತು. ಮದ್ಯ, ಮೊಟ್ಟೆ, ಮಾಂಸ, ಕಡಲೆಕಾಯಿ, ಯಾವುದು ಆಗದೋ ಅದನ್ನು ಟಿಕೆಟ್ ಮಾಡುವಾಗಲೇ ತಿಳಿಸಿ. ಪಾತ್ರಧಾರಿ ಮುಂದೆ ಹಿಡಿದಾಗ ಕೇಳಿದರೆ ಅವರಿಗೂ ಅದರಲ್ಲೇನಿದೆ ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಲೋಟವನ್ನು ತುಟಿಗೆ ತಾಗಿಸದೆ ಮೇಜಿನ ಮೇಲೆ ಇಟ್ಟರೂ ಆಯಿತು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಒಪ್ಪಿಗೆ ನಟರಿಗೂ ಬೇಕು. 'ಸ್ಲೀಪ್ ನೋ ಮೋರ್'ನಲ್ಲಿ ಮುಖವಾಡದ ಮರೆಯಲ್ಲಿ ಕೆಲವು ಪ್ರೇಕ್ಷಕರು ನಟನಟಿಯರ ಮೈಮೇಲೆ ಕೈಹಾಕಿದ ಬಗ್ಗೆ 2018ರಲ್ಲಿ ಮಾಧ್ಯಮಗಳಲ್ಲಿ ವರದಿಯಾಯಿತು. ನಟರು ನಿಮ್ಮನ್ನು ಮುಟ್ಟಿದರು ಎಂದ ಮಾತ್ರಕ್ಕೆ ನೀವು ಅವರನ್ನು ಮುಟ್ಟಲು ಅನುಮತಿ ಸಿಕ್ಕಿತೆಂದಲ್ಲ. ಅವರು ಇಟ್ಟ ಕೈ ಅಲ್ಲೇ ಇರಲಿ, ನಿಮ್ಮದು ಎಲ್ಲಿತ್ತೋ ಅಲ್ಲೇ ಇರಲಿ. ಜೊತೆಯವರು ಮಿತಿ ಮೀರುವುದು ಕಂಡರೆ ಕತ್ತಲಲ್ಲಿ ನಿಂತಿರುವ ಸಿಬ್ಬಂದಿಗೆ ಹೇಳಿ, ಪ್ರತಿ ಕೋಣೆಯ ಆಸುಪಾಸಿನಲ್ಲಿ ಅಂಥವರೊಬ್ಬರು ಇರಬೇಕು.

ಪೂರ್ತಿ ಕತ್ತಲಲ್ಲಿ ಕೂರಿಸುವ ನಾಟಕಗಳಿವೆಯಂತೆ. ನನಗೆ ಲಿಫ್ಟಿನಲ್ಲೇ ಉಸಿರು ಕಟ್ಟುತ್ತದೆ. ಪ್ರಯತ್ನಿಸಬಹುದೇ? (ಮಂಗಳೂರಿನಿಂದ)

ಡಾರ್ಕ್‌ಫೀಲ್ಡ್ ಎಂಬ ಬ್ರಿಟಿಷ್ ತಂಡ ಹಡಗಿನ ಸರಕು ಸಾಗಿಸುವ ಕಂಟೇನರಿನೊಳಗೆ ಇಂಥ ಪ್ರದರ್ಶನಗಳನ್ನು ಕೊಡುತ್ತದೆ. 'ಸೆಯಾನ್ಸ್'ನಲ್ಲಿ ಉದ್ದ ಮೇಜಿನ ಎರಡೂ ಬದಿ ಕೂತು ಕೈಗಳನ್ನು ಮೇಜಿನ ಮೇಲೆ ಇಡಬೇಕು, 'ಫ್ಲೈಟ್'ನಲ್ಲಿ ವಿಮಾನದ ಸೀಟುಗಳು. ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ನಿಮ್ಮ ತೊಂದರೆಗೆ ಕಬ್ಬಿಣದ ಪೆಟ್ಟಿಗೆಯಿಂದ ಶುರು ಮಾಡುವುದು ಬೇಡ ಎಂದೇ ಹೇಳುತ್ತೇವೆ.

ಅಲ್ಲಿ ಹೆದರಿಸುವುದು ಕತ್ತಲಿಗಿಂತ ಹೆಚ್ಚಾಗಿ ಶಬ್ದ. ಮನುಷ್ಯನ ತಲೆಯ ಆಕಾರದ ಬೊಂಬೆಯ ಎರಡೂ ಕಿವಿಗಳಲ್ಲಿ ಮೈಕ್ ಇಟ್ಟು ದಾಖಲಿಸಿ, ಅದನ್ನು ನಿಮಗೆ ಹೆಡ್‌ಫೋನಿನಲ್ಲಿ ಕೇಳಿಸುತ್ತಾರೆ. ಬದಿಯಿಂದ ಬಂದ ಸದ್ದು ಒಂದು ಕಿವಿಗೆ ತಲುಪಿ ಇನ್ನೊಂದಕ್ಕೆ ತಲುಪುವಾಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗುತ್ತದೆ. ಎಡವೋ ಬಲವೋ ಎಂಬುದನ್ನು ಮಿದುಳು ಬಹುಮಟ್ಟಿಗೆ ಆ ಸಣ್ಣ ಅಂತರದಿಂದ ಗುರುತಿಸುತ್ತದೆ, ಹಿಂದೋ ಮುಂದೋ ಎಂಬುದನ್ನು ಹೊರಕಿವಿಯ ಆಕಾರ ಸದ್ದನ್ನು ಬದಲಿಸುವ ರೀತಿಯಿಂದ. ಹಾಗಾಗಿ ಯಾರೋ ಬೆನ್ನ ಹಿಂದೆ ಉಸಿರಾಡಿದಂತೆ ಅನ್ನಿಸುತ್ತದೆ. ಎಡಬಲ ತಿರುಗಿಸಿ ಹಾಕಿಕೊಂಡರೆ ಈ ಕೆಲಸವೆಲ್ಲ ಹಾಳು, ಹೆಡ್‌ಫೋನಿನ ಮೇಲಿನ ಗುರುತು ನೋಡಿಕೊಳ್ಳಿ. ಒಂದು ಕಿವಿ ಮಂದವಿದ್ದವರಿಗೂ ದಿಕ್ಕಿನ ಅನುಭವ ಸರಿಯಾಗಿ ಸಿಗುವುದಿಲ್ಲ. ಹಿಂಸೆಯಾದರೆ ಹೆಡ್‌ಫೋನ್ ತೆಗೆಯಿರಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಬಾಗಿಲಿಗೆ ಹತ್ತಿರದ ಸೀಟು ಕೇಳಿ, ಹೊರಗೆ ಹೋಗಬೇಕಾದರೆ ಯಾರನ್ನು ಹೇಗೆ ಕರೆಯಬೇಕೆಂದು ದೀಪ ಆರುವ ಮೊದಲೇ ತಿಳಿದುಕೊಳ್ಳಿ. ಕಣ್ಣು ಹೊಂದಿಕೊಳ್ಳಲಿ ಎಂದು ಕಾಯುವುದು ಮಂದ ಬೆಳಕಿನಲ್ಲಿ ಮಾತ್ರ ಉಪಯೋಗ. ಅದಕ್ಕೂ ಪೂರ್ತಿಯಾಗಿ 20 ರಿಂದ 30 ನಿಮಿಷ ಬೇಕು. ಬೆಳಕೇ ಇಲ್ಲದಲ್ಲಿ ಎಷ್ಟು ಹೊತ್ತಾದರೂ ಕಾಣುವುದಿಲ್ಲ.

ಹತ್ತು ನಿಮಿಷ ತಡವಾದದ್ದಕ್ಕೆ ಒಳಬಿಡಲಿಲ್ಲ, ಹಣವನ್ನೂ ಕೊಡಲಿಲ್ಲ. ಇದು ಅನ್ಯಾಯವಲ್ಲವೇ? (ಬೆಂಗಳೂರಿನಿಂದ)

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಪ್ರತಿ 15 ನಿಮಿಷಕ್ಕೊಂದು ಗುಂಪು ಒಳಹೋಗುತ್ತದೆ ಎಂದುಕೊಳ್ಳಿ. ದೃಶ್ಯ 12 ನಿಮಿಷ, ಉಳಿದ 3 ನಿಮಿಷದಲ್ಲಿ ಚೆಲ್ಲಿದ ನೀರು ಒರೆಸಿ, ಹರಿದ ಕಾಗದದ ಜಾಗಕ್ಕೆ ಹೊಸದಿಟ್ಟು, ನಟರು ಮೊದಲ ನಿಲುವಿಗೆ ಮರಳಬೇಕು. ನೀವು 4 ನಿಮಿಷ ತಡವಾದರೂ ಆ ಸಂದು ಪೂರ್ತಿ ಕರಗಿ ಹಿಂದಿನ ಗುಂಪು ನಿಮ್ಮ ಬೆನ್ನಿಗೆ ಬಂದು ನಿಲ್ಲುತ್ತದೆ, ಆಮೇಲಿನ ಎಲ್ಲ ಗುಂಪುಗಳೂ ತಡ. ಮುಂದಿನ ಗುಂಪಿಗೆ ಸೇರಿಸೋಣವೆಂದರೆ ಅಲ್ಲಿ ಆರೇ ಕುರ್ಚಿ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಬಿಡದ ನಿಯಮ ಪ್ರೇಕ್ಷಕರ ಏಕಾಗ್ರತೆ ಕೆಡದಿರಲಿ ಎಂಬ ಗೌರವಕ್ಕೆ. ಇಲ್ಲಿ ಅದು ಯಂತ್ರದ ಹಲ್ಲು ಹಲ್ಲಿಗೆ ಕೂರುವ ಪ್ರಶ್ನೆ. ಹೇಳಿದ ಹೊತ್ತಿಗಿಂತ 20 ನಿಮಿಷ ಮೊದಲು ಜಾಗದಲ್ಲಿರಿ. ಇಂಥ ನಾಟಕಗಳಿಗೆ ದೊಡ್ಡ ಫಲಕ ಇರುವುದು ಅಪರೂಪ, ಗೋದಾಮಿನ ಪಕ್ಕದ ಸಣ್ಣ ಬಾಗಿಲೇ ಪ್ರವೇಶವಾಗಿರಬಹುದು. ಬಾಗಿಲು ಹುಡುಕಲೆಂದೇ 5 ನಿಮಿಷ ಇಟ್ಟುಕೊಳ್ಳಿ.

ನಮ್ಮ ಅಜ್ಜನ ಕಾಲದ ತೊಟ್ಟಿಮನೆ ಖಾಲಿ ಇದೆ. 12 ಜನ ಪ್ರೇಕ್ಷಕರಿಗೆ ಒಂದು ನಾಟಕ ಮಾಡಬೇಕೆಂದು ನಮ್ಮ ಹವ್ಯಾಸಿ ತಂಡದ ಆಸೆ. ಎಲ್ಲಿಂದ ಶುರು ಮಾಡಬೇಕು? (ಸಾಗರದಿಂದ)

ಕಥೆಗಿಂತ ಮೊದಲು ಮನೆಯ ನಕ್ಷೆ ಬರೆಯಿರಿ. ಯಾವ ಬಾಗಿಲು ಯಾವ ಕೋಣೆಗೆ, ಯಾವ ಕೋಣೆಗೆ ಎರಡು ಬಾಗಿಲು ಎಂದು ಗುರುತಿಸಿ. ಎರಡು ಬಾಗಿಲಿರುವ ಕೋಣೆಗಳೇ ನಿಮ್ಮ ಆಸ್ತಿ. ಒಂದು ಗುಂಪು ಹೊರಹೋಗುವಾಗ ಇನ್ನೊಂದು ಎದುರಾಗದೆ ಒಳಬರಬಹುದು.

12 ಜನರನ್ನು ನಾಲ್ಕು ನಾಲ್ಕರಂತೆ ಮೂರು ಗುಂಪು ಮಾಡಿ. ಮೊದಲ 6 ನಿಮಿಷ ಎಲ್ಲರೂ ಜಗಲಿಯಲ್ಲಿ. ಆಮೇಲೆ ಮೂರು ಕೋಣೆಗಳಲ್ಲಿ ಮೂರು ದೃಶ್ಯ ಏಕಕಾಲಕ್ಕೆ: ಪ್ರತಿಯೊಂದೂ 9 ನಿಮಿಷ, ಕೋಣೆ ಬದಲಿಸಲು 2 ನಿಮಿಷ. ಮೂರು ಸುತ್ತಿಗೆ 33 ನಿಮಿಷ. ಕೊನೆಯ 10 ನಿಮಿಷ ಮತ್ತೆ ಎಲ್ಲರೂ ತೊಟ್ಟಿಯ ಸುತ್ತ. ಒಟ್ಟು 49. ಮೂರು ದೃಶ್ಯಗಳನ್ನು ಯಾವ ಕ್ರಮದಲ್ಲಿ ನೋಡಿದರೂ ಕಥೆ ಅರ್ಥವಾಗುವಂತೆ ಬರೆಯಬೇಕು, ಇದು ಬರೆಯುವವರ ದೊಡ್ಡ ಕಷ್ಟ. 'ಆಮೇಲೆ ಏನಾಯಿತು' ಎಂಬ ಕಥೆಗಿಂತ 'ಅವತ್ತು ಈ ಮನೆಯಲ್ಲಿ ಏನಾಯಿತು' ಎಂದು ಮೂವರು ಮೂರು ರೀತಿ ಹೇಳುವ ಕಥೆ ಇದಕ್ಕೆ ಒದಗುತ್ತದೆ. ಪ್ರಕಟವಾದ ಕಥೆಯನ್ನು ಆರಿಸಿದರೆ ಲೇಖಕರ ಅಥವಾ ಅವರ ವಾರಸುದಾರರ ಲಿಖಿತ ಅನುಮತಿ ತೆಗೆದುಕೊಳ್ಳಿ.

ಕೆಡುವುದು ಹೊತ್ತಿನ ವಿಷಯದಲ್ಲಿ. ಒಂದು ಕೋಣೆ ಪ್ರತಿ ಸುತ್ತಿಗೆ ಒಂದು ನಿಮಿಷ ಎಳೆದರೆ ಉಳಿದ ಎಂಟು ಜನ ಪ್ರತಿ ಸಲವೂ ಕತ್ತಲ ಓಣಿಯಲ್ಲಿ ಸುಮ್ಮನೆ ನಿಲ್ಲುತ್ತಾರೆ, ಕಟ್ಟಿದ್ದೆಲ್ಲ ಕಳಚುತ್ತದೆ. ಎಂಟನೆಯ ನಿಮಿಷಕ್ಕೆ ಇಡೀ ಮನೆಗೆ ಕೇಳುವ ಒಂದು ಸದ್ದು ಇಡಿ, ಕಥೆಗೆ ಹೊಂದುವ ಜಾಗಟೆಯೋ ಗಡಿಯಾರದ ಗಂಟೆಯೋ. ಅದು ಕೇಳಿದ ಮೇಲೆ ಒಂದು ನಿಮಿಷದಲ್ಲಿ ಮುಗಿಸಬೇಕು. ಪ್ರತಿ ದೃಶ್ಯದಲ್ಲಿ ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಕೆಲಸ ಇರಲಿ: ಸೀರೆ ಮಡಚುವುದು, ಎಲೆಗೆ ಸುಣ್ಣ ಹಚ್ಚುವುದು. 20 ಸೆಕೆಂಡಿಗೂ ಆಗಬೇಕು, 90 ಸೆಕೆಂಡಿಗೂ ಆಗಬೇಕು.

ಹಂಚಿನ ಮನೆಗಳಲ್ಲಿ ಒಳಗೋಡೆ ಮಾಡಿನವರೆಗೆ ಹೋಗಿರದಿದ್ದರೆ ಒಂದು ಕೋಣೆಯ ಕೂಗು ಎಲ್ಲ ಕೋಣೆಗೂ ಕೇಳುತ್ತದೆ. ತಡೆಯಲು ಹೋಗಬೇಡಿ, ಬಳಸಿಕೊಳ್ಳಿ. ಮೂರೂ ದೃಶ್ಯದ ಜೋರು ಮಾತು ಒಂದೇ ನಿಮಿಷಕ್ಕೆ ಬರುವಂತೆ ಕೂರಿಸಿ, ಪಕ್ಕದ ಕೋಣೆಯ ಕೂಗು ಇಲ್ಲಿಯ ಪಾತ್ರವನ್ನು ಬೆಚ್ಚಿಬೀಳಿಸಲಿ. ಮಳೆಗಾಲದಲ್ಲಿ ಮಾತ್ರ ಆಡಬೇಡಿ, ಹಂಚಿನ ಮೇಲಿನ ಸದ್ದಿಗೆ ಪಿಸುಮಾತು ಉಳಿಯುವುದಿಲ್ಲ.

ಹಳೆಯ ಮನೆಯಲ್ಲಿ ಎರಡು ಅಪಾಯ: ಎತ್ತರದ ಹೊಸಿಲು, ತಗ್ಗಿನ ಬಾಗಿಲು. ಒಂದು ಕಾಲಿಗೆ, ಇನ್ನೊಂದು ಹಣೆಗೆ. ಹೊಸಿಲಿಗೆ ಬಿಳಿ ರಂಗೋಲಿ ಗೆರೆ, ಬಾಗಿಲ ಮೇಲ್ಪಟ್ಟಿಗೆ ಬಿಳಿ ಬಟ್ಟೆಯ ಸುತ್ತು, ಪಾದದ ಎತ್ತರದಲ್ಲಿ ಒಂದು ಮಂದ ಬ್ಯಾಟರಿ ದೀಪ. ಗುಂಪಿಗೊಬ್ಬ ಮಾರ್ಗದರ್ಶಿ ಬಾಗಿಲ ಬಳಿ ನಿಂತು ಅಂಗೈಯಿಂದ ಹಣೆ ಮರೆಮಾಡಿ ದಾಟಿಸಲಿ. ಎಣ್ಣೆದೀಪ ನೆಲದ ಮೇಲೆ ಬೇಡವೇ ಬೇಡ, ಇಕ್ಕಟ್ಟಿನಲ್ಲಿ ಸೆರಗು ತಾಗುತ್ತದೆ. ಲಾಟೀನಾದರೆ ಗೂಡಿನಲ್ಲಿಡಿ, ಪ್ರತಿ ಕೋಣೆಯಲ್ಲಿ ಒಂದು ಬಕೆಟ್ ಮರಳು ಇರಲಿ. ಯಾವ ಬಾಗಿಲಿಗೂ ಚಿಲಕ ಹಾಕಬಾರದು. ಕಥೆಗೆ ಬೇಕಿದ್ದರೆ ಹಾಕಿದ ಸದ್ದು ಮಾಡಿ ಸಾಕು. ಕರೆಂಟ್ ಹೋದರೂ ನಾಟಕ ನಿಲ್ಲದಂತೆ ಇಡೀ ಬೆಳಕನ್ನು ಬ್ಯಾಟರಿಯಲ್ಲೇ ಯೋಜಿಸುವುದು ಲೇಸು.

ಕೋಣೆಯಲ್ಲಿ ಇಟ್ಟ ಪ್ರತಿ ಪೆಟ್ಟಿಗೆಯನ್ನೂ ಪ್ರೇಕ್ಷಕರು ತೆರೆಯುತ್ತಾರೆ. ಒಳಗೆ ಏನಾದರೂ ಇಡಿ, ಇಲ್ಲವಾದರೆ ಮೊಳೆ ಹೊಡೆದು ಮುಚ್ಚಿ. ಓದಲು ಇಡುವ ಕಾಗದ 40 ಪದ ದಾಟದಿರಲಿ, ಅಕ್ಷರ ದಪ್ಪವಿರಲಿ. ಮಂದ ಬೆಳಕಿನಲ್ಲಿ ನಾಲ್ವರು ಒಂದೇ ಪತ್ರಕ್ಕೆ ಬಗ್ಗಿದರೆ ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳುತ್ತದೆ, ಹಾಗಾಗಿ ನಾಲ್ಕು ಪ್ರತಿ ಮಾಡಿ.

12 ಟಿಕೆಟ್ ಮಾರಿದರೂ ಒಂಬತ್ತೇ ಜನ ಬರಬಹುದು. ಆಗ ನಾಲ್ಕು, ನಾಲ್ಕು, ಒಂದು ಮಾಡದೆ ಮೂರು ಮೂರು ಮಾಡಿ. ಒಳಬರುವಾಗ ಮಾರ್ಗದರ್ಶಿ ಬೆರಳು ತೋರಿಸಿ ಎಷ್ಟು ಜನವೆಂದು ನಟರಿಗೆ ತಿಳಿಸಲಿ. ತಾಲೀಮಿಗೆ ಗೆಳೆಯರನ್ನು ಕರೆಯಬೇಡಿ, ಅವರು ಹೇಳಿದಂತೆ ಕೇಳುತ್ತಾರೆ. ನಾಟಕ ನೋಡದ ನೆರೆಹೊರೆಯವರನ್ನು ಕರೆಯಿರಿ. ಉತ್ತರ ಕೊಡುತ್ತಲೇ ಹೋಗುವವರು, ಬಾಗಿಲಲ್ಲೇ ನಿಂತುಬಿಡುವವರು, ಎಲ್ಲವನ್ನೂ ಎತ್ತಿ ನೋಡುವವರು, ಈ ಮೂರು ಬಗೆಯವರನ್ನು ನಿಭಾಯಿಸಲು ಬಂದ ಮೇಲೆ ಟಿಕೆಟ್ ಮಾರಿ.

ಹಣದ ಮಾತು ಸ್ಪಷ್ಟವಿರಲಿ. ಒಬ್ಬ ನಟರು ಒಂದು ಪ್ರದರ್ಶನದಲ್ಲಿ ಅದೇ ದೃಶ್ಯವನ್ನು ಮೂರು ಸಲ ಆಡುತ್ತಾರೆ, ಸಂಜೆಗೆ ಎರಡು ಪ್ರದರ್ಶನವಾದರೆ ಆರು ಸಲ. ಅದಕ್ಕಿಂತ ಹೆಚ್ಚಾದರೆ ಕೊನೆಯ ನಾಲ್ವರಿಗೆ ಬರೀ ಬಾಯಿಪಾಠ ಸಿಗುತ್ತದೆ. 24 ಜನರಿಂದ 400 ರೂಪಾಯಿಯಂತೆ 9,600 ರೂಪಾಯಿ. ಐವರು ನಟರು, ಮೂವರು ಮಾರ್ಗದರ್ಶಿಗಳು, ಹೊತ್ತು ನೋಡುವವರೊಬ್ಬರು, ಬಾಗಿಲಲ್ಲೊಬ್ಬರು. ಖರ್ಚು ಕಳೆಯುವ ಮುಂಚೆಯೇ ತಲೆಗೆ ಸಾವಿರವೂ ಬರುವುದಿಲ್ಲ. ಇದನ್ನು ತಂಡಕ್ಕೆ ಮೊದಲ ದಿನವೇ ತಿಳಿಸಿ.

ನೋಡಿ ಬಂದ ಮೇಲೆ ಫೇಸ್‌ಬುಕ್ಕಿನಲ್ಲಿ ಬರೆಯಬಹುದೇ? (ತುಮಕೂರಿನಿಂದ)

ಬರೆಯಿರಿ. ಯಾವ ಡ್ರಾಯರಿನಲ್ಲಿ ಏನಿದೆ, ಯಾರು ಕೈಹಿಡಿಯುತ್ತಾರೆ, ಕೊನೆಯ ಕೋಣೆ ಯಾವುದು, ಇವನ್ನು ಬಿಡಿ. ಬ್ರಿಟನ್ನಿನ 'ಯು ಮಿ ಬಮ್ ಬಮ್ ಟ್ರೇನ್' ಒಂದು ಸಲಕ್ಕೆ ಒಬ್ಬರನ್ನೇ ದೃಶ್ಯದಿಂದ ದೃಶ್ಯಕ್ಕೆ ದಾಟಿಸುತ್ತದೆ. ಮುಂದೇನೆಂದು ಗೊತ್ತಿಲ್ಲದಿರುವುದೇ ಅದರ ಜೀವಾಳವಾದ್ದರಿಂದ ಬಂದವರಿಗೆ ಗುಟ್ಟು ಕಾಯಲು ಕೇಳಿಕೊಳ್ಳುತ್ತದೆ. ಆದರೆ ಎಷ್ಟು ಮೆಟ್ಟಿಲು ಇದ್ದವು, ಎಷ್ಟು ನಿಮಿಷ ನಿಂತಿರಿ, ಶೌಚಾಲಯ ಎಲ್ಲಿತ್ತು, ಕೂರಲು ಜಾಗ ಸಿಕ್ಕಿತೇ, ಮುಟ್ಟುವ ಮುನ್ನ ನಟರು ಕೇಳಿದರೇ ಎಂಬುದನ್ನು ಧಾರಾಳವಾಗಿ ಬರೆಯಿರಿ. ಇದರಿಂದ ಯಾರ ಗುಟ್ಟೂ ಒಡೆಯುವುದಿಲ್ಲ, ಮೈಸೂರಿನ ಆ ತಾಯಿಯಂಥವರಿಗೆ ಟಿಕೆಟ್ ಮಾಡುವ ಮೊದಲು ಬೇಕಾದ ಮಾಹಿತಿ ಇದೇ.